ಕಲ್ಲಿಗೇರದ ಕೊಲೆ: ಸಂಗ್ಯಾ-ಬಾಳ್ಯಾರ ಹಾಡನ್ನು ಶಾಸನದಂತೆ ಓದಿದರೆ

ಮುರಗೋಡ, ಬೈಲಹೊಂಗಲ, ನೇಸರ್ಗಿ, ಸವದತ್ತಿ. ಈ ಸೀಮೆಯೊಳಗೆ ಶಾಸನ ಹುಡುಕಿಕೊಂಡು ತಿರುಗುವವರಿಗೆ ಕಲ್ಲಿನ ಬರ ಇಲ್ಲ. ಮೊದಲು ಸವದತ್ತಿಯಲ್ಲಿ, ಆಮೇಲೆ ಬೆಳಗಾವಿಯಲ್ಲಿ ಕೂತು ಆಳಿದ ರಟ್ಟರು ತಾವು ಕೊಟ್ಟದ್ದನ್ನೆಲ್ಲ ಬರೆಸಿಟ್ಟೇ ಹೋಗಿದ್ದಾರೆ. ಯಾವ ಬಸದಿಗೆ ಎಷ್ಟು ಮತ್ತರು ಹೊಲ, ನಂದಾದೀವಿಗೆಗೆ ಗಾಣದಿಂದ ಎಷ್ಟು ಎಣ್ಣೆ, ಯಾವ ಗುರುವಿನ ಕಾಲು ತೊಳೆದು ಧಾರೆ ಎರೆದರು, ಎಲ್ಲಾ ಲೆಕ್ಕ ಸಿಗುತ್ತದೆ. ಊರ ಅಗಸಿಯ ಹೊರಗೆ, ಹನುಮಪ್ಪನ ಗುಡಿ ಹಿಂದೆ, ಅರ್ಧ ಮಣ್ಣಾಗ ಹೂತ ವೀರಗಲ್ಲುಗಳೂ ಸಿಗುತ್ತವೆ. ಆದರೆ ಇದೇ ಸೀಮೆಯ ಜನ ನೂರು ವರ್ಷಕ್ಕೂ ಮಿಕ್ಕಿ ಬಾಯಾಗ ಇಟ್ಟುಕೊಂಡು ಬಂದ ಒಂದು ಕೊಲೆ ಐತಿ. ಅದು ಕಲ್ಲಿಗೆ ಏರಲಿಲ್ಲ, ಹಾಡಿಗೆ ಏರಿತು. ಬೈಲಹೊಂಗಲದ ಸಂಗ್ಯಾನ ಕೊಲೆ.

ಕಥೆ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಚಿಕ್ಕದಾಗಿ ಹೇಳ್ತೀನಿ. ಸಂಗ್ಯಾ ಬೈಲಹೊಂಗಲದ ಸಿರಿವಂತ ಹುಡುಗ. ಬಾಳ್ಯಾ ಅವನ ಜೀವದ ಗೆಳೆಯ. ಅದೇ ಊರಿನ ವ್ಯಾಪಾರಸ್ಥ ಈರಣ್ಣನ ಹೆಂಡತಿ ಗಂಗಿ. ಜಾತ್ರೆಯಲ್ಲಿ ಗಂಗಿಯನ್ನು ಕಂಡ ಸಂಗ್ಯಾ ಮನಸ್ಸು ಕಳಕೊಳ್ಳುತ್ತಾನೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ ಒಬ್ಬ ಮುದುಕಿಯ ಮಧ್ಯಸ್ಥಿಕೆಯಿಂದ ಸಂಬಂಧ ಬೆಳೆಯುತ್ತದೆ. ಗಂಡನಿಗೆ ಸುದ್ದಿ ತಿಳಿಯುತ್ತದೆ. ಅವನೂ ಅವನ ಅಣ್ಣತಮ್ಮಂದಿರೂ ಸೇರಿ ಬಾಳ್ಯಾನನ್ನು ಒಳಗೆ ಹಾಕಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾರೆ. ಹೆಚ್ಚು ಪ್ರಚಲಿತವಾದ ಆಟದಲ್ಲಿ ಬಾಳ್ಯಾ ಗೆಳೆಯನನ್ನು ಬಿಟ್ಟುಕೊಡುವುದು ದುಡ್ಡಿನ ಆಸೆಗೆ. ಇಷ್ಟೇ ಕಥೆ. ಇದು ಕಟ್ಟುಕಥೆಯಲ್ಲ, 19ನೇ ಶತಮಾನದಲ್ಲಿ ಈ ಊರಲ್ಲೇ ನಡೆದದ್ದು ಎಂಬುದು ಜನರ ನೆನಪಿನ ಮುಖ್ಯ ಭಾಗ.

ಶಾಸನಗಳ ತಾಣದಲ್ಲಿ ಸಣ್ಣಾಟದ ಕಥೆ ಯಾಕೆ ಅಂತ ನೀವು ಕೇಳಬಹುದು. ಎರಡು ಕಾರಣ. ಒಂದು, ಈ ಹಾಡನ್ನು ಮೊದಲು ಅಚ್ಚಿಗೆ ತಂದವರು ನಮ್ಮ ಶಾಸನಶಾಸ್ತ್ರದ ಹಿರಿಯ, ಜಾನ್ ಫೇತ್‌ಫುಲ್ ಫ್ಲೀಟ್. ಎರಡು, ಒಂದು ಸಾವು ಕಲ್ಲಾಗಲು ಏನೇನು ಬೇಕು, ಯಾವುದು ಇಲ್ಲದಿದ್ದರೆ ಅದು ಹಾಡಾಗುತ್ತದೆ ಎಂಬುದು ಅರ್ಥವಾದರೆ ನಾವು ದಿನಾ ಓದುವ ವೀರಗಲ್ಲುಗಳೂ ಬೇರೆ ಥರ ಕಾಣಿಸತೊಡಗುತ್ತವೆ.

ಮೊದಲು ಕಲ್ಲಿನ ಮಾತು. ವೀರಗಲ್ಲು ಅಂದರೆ ಸತ್ತವರ ಪಟ್ಟಿ ಅಂತ ನಾವು ಸುಮ್ಮನೆ ಅಂದುಕೊಂಡುಬಿಡುತ್ತೇವೆ. ಆದರೆ ಯಾವ ಸಾವುಗಳು ಅಲ್ಲಿ ಬರುತ್ತವೆ ನೋಡಿ. ತುಱುಗೊಳ್, ಅಂದರೆ ದನ ಹೊಡಕೊಂಡು ಹೋದಾಗ ಕಾದಿದವನು. ಪೆಣ್ಬುಯ್ಯಲ್, ಹೆಣ್ಣುಮಕ್ಕಳ ಕೂಗಿಗೆ ಓಡಿ ಬಂದು ಸತ್ತವನು. ಊರಳಿವು, ಊರನ್ನೇ ಸುಲಿಯಲು ಬಂದಾಗ ಅಡ್ಡ ನಿಂತವನು. ಗಡಿ ಜಗಳ, ಒಡೆಯನ ಯುದ್ಧ, ಹುಲಿ-ಹಂದಿ ಬೇಟೆ. ಎಲ್ಲದರಲ್ಲೂ ಸತ್ತವನು ತನ್ನದಲ್ಲದ್ದಕ್ಕೆ, ಊರಿನದ್ದಕ್ಕೋ ಒಡೆಯನದ್ದಕ್ಕೋ ಸತ್ತಿದ್ದಾನೆ. ಆ ಸಾವನ್ನು ಊರು ತನ್ನದು ಅಂತ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದಕ್ಕೆ ಗುರುತಾಗಿ ಮನೆಯವರಿಗೆ ಭೂಮಿ ಕೊಟ್ಟಿದೆ. ಗಂಗರ ಕಾಲದ ಕಲ್ನಾಡು, ಬಾಳ್ಗಚ್ಚು, ಆಮೇಲಿನ ನೆತ್ತರುಗೊಡಗೆ, ಇವೆಲ್ಲ ಆ ಲೆಕ್ಕದ ಪದಗಳೇ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲೋಕ ಅಂತ ಮೂರು ಅಂತಸ್ತು ಕೆತ್ತುವುದು ಭಕ್ತಿಯ ವಿಷಯ. ಅದರ ಜೊತೆಗೆ ಹೊಲದ ಹಕ್ಕಿನ ವಿಷಯವೂ ಹೌದು. ಕಲ್ಲು ನಿಂತಿದ್ದರೆ ಮಗ, ಮೊಮ್ಮಗ ಆ ಹೊಲ ಯಾಕೆ ತಮ್ಮದು ಅಂತ ತೋರಿಸಬಹುದು.

ಮನುಷ್ಯನೇ ಆಗಬೇಕು ಅಂತಲೂ ಇಲ್ಲ. ಆತಕೂರಿನ ಕಲ್ಲು ಗೊತ್ತಲ್ಲ? ಕ್ರಿ.ಶ. 949-50ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ತಕ್ಕೋಲದ ಯುದ್ಧದ ಸುದ್ದಿ ಇರುವುದು. ಅದರಲ್ಲಿ ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು, ಪೂಜೆಗೆ ಭೂಮಿ, ಎರಡೂ ಸಿಕ್ಕಿವೆ. ಮಣಲೇರ ಆ ನಾಯಿಯನ್ನು ಒಡೆಯ ಬೂತುಗನಿಂದ ಕೇಳಿ ಪಡೆದಿದ್ದ. ನಾಯಿಗೆ ಸಿಕ್ಕ ಕಲ್ಲು ಸಂಗ್ಯಾನಿಗೆ ಸಿಗಲಿಲ್ಲ ಎಂದರೆ ಸತ್ತವನ ಸಿರಿತನ, ಜಾತಿ, ಪ್ರೀತಿ ಯಾವುದೂ ಇಲ್ಲಿ ಅಳತೆಯಲ್ಲ ಅಂತಾಯಿತು. ಆ ಸಾವನ್ನು ‘ನಮ್ಮದು’ ಅನ್ನುವವರು ಬೇಕು.

ಮುರಗೋಡದಲ್ಲಿ ಒಮ್ಮೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಇದನ್ನೇ ಕೇಳಿದೆ. “ಅಜ್ಜಾರ, ಸಂಗ್ಯಾಂದೂ ಎಲ್ಲೆರೆ ಕಲ್ಲು ಐತೇನ್ರಿ?” ಅವರು ನಕ್ಕು, “ಯಾರ ನಿಲ್ಲಸ್ತಾರೋ ತಮ್ಮಾ? ಅವನ ಮನಿಯವರಿಗೆ ನಾಚಿಕಿ, ಇವನ ಮನಿಯವರಿಗೆ ಅಂಜಿಕಿ” ಅಂದರು. ವೀರಗಲ್ಲುಗಳ ಮೇಲೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಒಂದು ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ.

ಹಾಗಾದರೆ ಅಪರಾಧ, ಕೊಲೆ, ಶಿಕ್ಷೆ ಶಾಸನಗಳಲ್ಲಿ ಬರುವುದೇ ಇಲ್ಲವೇ? ಬರುತ್ತದೆ, ಆದರೆ ಮುಖ್ಯವಾಗಿ ವರಮಾನದ ಲೆಕ್ಕವಾಗಿ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ದಾನ ಕೊಟ್ಟ ಹಳ್ಳಿಯ ವಿಶೇಷಣಗಳ ಸಾಲಿನಲ್ಲಿ ‘ಸದಂಡದಶಾಪರಾಧ’ ಎಂಬ ಪದ ಬರುತ್ತದೆ. ಅಂದರೆ, ಹತ್ತು ಬಗೆಯ ಅಪರಾಧಗಳಿಂದ ಬರುವ ದಂಡದ ಸಮೇತ ಹಳ್ಳಿಯನ್ನು ಕೊಟ್ಟಿದೆ ಅಂತ. ಆ ಹತ್ತು ಯಾವುವು ಎನ್ನುವುದರಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ. ಸ್ಮೃತಿಗಳ ಪಟ್ಟಿ ಇಟ್ಟುಕೊಂಡು ನೋಡಿದರೆ ಕಳವು, ಹಾದರ, ಹೊಡೆದಾಟದಂಥವು ಒಳಗೆ ಬರುತ್ತವೆ. ಕನ್ನಡ ಶಾಸನಗಳ ‘ದಂಡದೋಷ’ವೂ ಇದೇ ಜಾತಿಯ ಪದ. ಹೊಲದ ತೆರಿಗೆ, ಗಾಣದ ಸುಂಕ, ಅದರ ಪಕ್ಕದಲ್ಲೇ ದಂಡದೋಷ. ಬಾದಾಮಿ ಚಾಲುಕ್ಯರ ಕಾಲದ ಲಕ್ಷ್ಮೇಶ್ವರದ ಶಾಸನ, ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ, ಅದರಲ್ಲೂ ಊರು ಮತ್ತು ಅರಮನೆಯ ನಡುವಿನ ಹಕ್ಕು-ಹೊಣೆಗಳ ನಡುವೆ ಅಪರಾಧದ ದಂಡದ ಮಾತು ಬರುತ್ತದೆ. ಇಲ್ಲೆಲ್ಲ ಅಪರಾಧಕ್ಕೆ ಮುಖ ಇಲ್ಲ. ಯಾರು ಯಾರನ್ನು ಯಾಕೆ ಕೊಂದರು ಅನ್ನುವುದು ಲೆಕ್ಕ ಬರೆದವನಿಗೆ ಬೇಕಾಗಿಲ್ಲ.

ಮುಖ ಕಾಣುವ ಶಾಸನಗಳು ಅಪರೂಪ. ನನಗೆ ಗೊತ್ತಿರುವವುಗಳಲ್ಲಿ ಅತಿ ದೊಡ್ಡದು ನಮ್ಮ ಸೀಮೆಯದಲ್ಲ. ಇಲ್ಲಿಂದ ಬಹಳ ತೆಂಕಣಕ್ಕೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕಾಡಂಚಿನ ಬೆಳತೂರಿನದು. ಕ್ರಿ.ಶ. 1057, ಚೋಳ ರಾಜೇಂದ್ರದೇವನ ಆಳ್ವಿಕೆ. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳ ಗಂಡ ನವಿಲೆನಾಡಿನ ಏಚ. ಏಚ ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದ. ಅರಸನ ಆಜ್ಞೆಯಂತೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿ ಹೊಗುತ್ತೇನೆಂದಳು. ತಂದೆ-ತಾಯಿ, ಬಂಧುಗಳು ಬೇಡವೆಂದರೂ ಕೇಳದೆ, ದಾನ ಮಾಡಿ, ಕೊಂಡ ಹೊಕ್ಕಳು. ಮಲ್ಲನೆಂಬ ಕವಿ ಇದನ್ನು ಕಾವ್ಯವಾಗಿಯೇ ಬರೆದಿದ್ದಾನೆ, ಕನ್ನಡ ಶಾಸನಸಾಹಿತ್ಯದ ಒಳ್ಳೆಯ ರಚನೆಗಳಲ್ಲಿ ಅದೊಂದು.

ಇಲ್ಲಿ ಒಂದು ಕೊಲೆ, ಅದಕ್ಕೆ ಕೊಟ್ಟ ಮರಣದಂಡನೆ, ಎರಡೂ ಕಲ್ಲಿನ ಮೇಲೆ ಬಂದಿವೆ. ಆದರೆ ಯಾವ ದಾರಿಯಿಂದ ಬಂದವು ಎನ್ನುವುದನ್ನು ಗಮನಿಸಿ. ಏಚನಿಗಾಗಿ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅವನ ಕೈಯಲ್ಲಿ ಸತ್ತವನಿಗಂತೂ ಇಲ್ಲವೇ ಇಲ್ಲ. ದೇಕಬ್ಬೆಯ ಸಾವನ್ನು ಆ ಸೀಮೆ ತನ್ನ ಹೆಮ್ಮೆ ಅಂತ ಒಪ್ಪಿಕೊಂಡಿತು, ಅದಕ್ಕಾಗಿ ಕಲ್ಲು ನಿಂತಿತು. ಅವಳ ಕಥೆ ಹೇಳಬೇಕಾದರೆ ಗಂಡ ಯಾಕೆ ಸತ್ತ ಅಂತ ಹೇಳಲೇಬೇಕಲ್ಲ, ಹಾಗಾಗಿ ಆ ಹಿಂಸೆ ಹಿಂಬಾಗಿಲಿನಿಂದ ಒಳಗೆ ಬಂತು. (ಇಂಥ ಸಾವನ್ನು ಹೊಗಳುವ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದಾಯಿತು. ಕಲ್ಲು ಏನು ಹೇಳುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.)

ಈಗ ಬೈಲಹೊಂಗಲಕ್ಕೆ ಬನ್ನಿ. ಗಂಗಿ ದೇಕಬ್ಬೆಯಲ್ಲ. ಅವಳಿಗೆ ಮಾಸ್ತಿಕಲ್ಲು ಸಿಗುವ ಪ್ರಶ್ನೆಯೇ ಇಲ್ಲ. ಸಂಗ್ಯಾ ಪೆಣ್ಬುಯ್ಯಲಿಗೆ ಓಡಿ ಬಂದವನಲ್ಲ, ಹಳೆಯ ಕಲ್ಲುಗಳ ಲೆಕ್ಕದಲ್ಲಿ ಅವನು ಆಚೆ ಕಡೆಯವನು. ಈರಣ್ಣ ಕೊಂದವನು. ಬಾಳ್ಯಾ ದ್ರೋಹಿ. ನಾಲ್ಕು ಮಂದಿಯಲ್ಲಿ ಊರು ಹೆಗಲ ಮೇಲೆ ಹೊತ್ತುಕೊಳ್ಳುವಂಥವರು ಒಬ್ಬರೂ ಇಲ್ಲ. ಆದರೂ ಊರಿಗೆ ಮರೆಯಲಾಗಲಿಲ್ಲ. ಇಂಥದಕ್ಕೇ ಲಾವಣಿ ಬೇಕಾಗುವುದು. ಲಾವಣಿಗೆ ಭೂಮಿ ಬೇಡ, ದಾನಿ ಬೇಡ, ಮನೆಯವರ ಒಪ್ಪಿಗೆ ಬೇಡ. ಡಪ್ಪು, ತಾಳ, ತುಂತುಣಿ ಇದ್ದು, ಕೇಳಲು ಜನ ಕೂತರೆ ಸಾಕು.

ಫ್ಲೀಟ್ ಸಾಹೇಬರ ಪರಿಚಯ ನಮ್ಮ ಓದುಗರಿಗೆ ಬೇಕಿಲ್ಲ, ಆದರೂ ಎರಡು ಮಾತು. 1847ರಲ್ಲಿ ಹುಟ್ಟಿ, 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದವರು. ಸವದತ್ತಿ, ಕಲ್ಹೋಳಿ, ನೇಸರ್ಗಿಯ ರಟ್ಟ ಶಾಸನಗಳನ್ನು ಓದಿ ಪ್ರಕಟಿಸಿದವರು. 1883ರಲ್ಲಿ ಸರ್ಕಾರದ ಮೊದಲ ಶಾಸನತಜ್ಞರಾಗಿ ನೇಮಕಗೊಂಡು, 1888ರಲ್ಲಿ ಗುಪ್ತರ ಶಾಸನಗಳ ಸಂಪುಟ ಹೊರತಂದರು. ಅದೇ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಒಂದಷ್ಟು ಕನ್ನಡ ಲಾವಣಿಗಳನ್ನು ಮೂಲ ಮತ್ತು ಅನುವಾದ ಸಮೇತ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನದು, ಹಲಗಲಿ ಬೇಡರದು, ಸಂಗ್ಯಾನದು ಎಲ್ಲ ಅದರಲ್ಲಿವೆ. ಬ್ರಿಟಿಷ್ ಸರ್ಕಾರದ ಅಧಿಕಾರಿಯೊಬ್ಬ ಬ್ರಿಟಿಷರನ್ನು ಎದುರಿಸಿದವರ ಹಾಡನ್ನು ಶಾಸನ ಬರೆದುಕೊಂಡಷ್ಟೇ ಶ್ರದ್ಧೆಯಿಂದ ಬರೆದುಕೊಂಡ. ಸಾಹೇಬರ ಉಳಿದ ಅಭಿಪ್ರಾಯಗಳ ಬಗ್ಗೆ ನನಗೆ ಸಾಕಷ್ಟು ಜಗಳ ಉಂಟು, ಈ ಒಂದು ವಿಷಯಕ್ಕೆ ಮಾತ್ರ ಕೈ ಮುಗಿಯಬೇಕು.

ಸಂಗ್ಯಾನ ಲಾವಣಿಗೆ ಅವರು ಕೊಟ್ಟ ಇಂಗ್ಲಿಷ್ ತಲೆಬರಹವನ್ನು ಕನ್ನಡಿಸಿದರೆ ‘ಸಂಗ್ಯಾನ ಅಪರಾಧ ಮತ್ತು ಸಾವು’ ಎಂದಾಗುತ್ತದೆ. ಇನ್ನೊಮ್ಮೆ ಓದಿ. ಕೊಲೆಯಾದವನು ಸಂಗ್ಯಾ. ಅಪರಾಧವೂ ಸಂಗ್ಯಾನದೇ. ಕೊಂದವರ ಹೆಸರು ತಲೆಬರಹದಲ್ಲಿ ಇಲ್ಲವೇ ಇಲ್ಲ. ಫ್ಲೀಟ್ ಕಾನೂನು ಬಲ್ಲ ಅಧಿಕಾರಿ. 1860ರ ಭಾರತೀಯ ದಂಡಸಂಹಿತೆ 1862ರಿಂದ ಜಾರಿಯಲ್ಲಿತ್ತು. ಅದರ 497ನೇ ಕಲಮಿನ ಪ್ರಕಾರ ಇನ್ನೊಬ್ಬನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸು ಅಪರಾಧಿ, 5 ವರ್ಷದವರೆಗೆ ಸಜೆ. ಹೆಂಗಸಿಗೆ ಶಿಕ್ಷೆ ಇಲ್ಲ, ಯಾಕೆಂದರೆ ಕಾನೂನು ಅವಳನ್ನು ಗಂಡನ ಸೊತ್ತಿನ ಹಾಗೆ ನೋಡುತ್ತಿತ್ತು. ಆ ಕಲಮನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರಲ್ಲಿ. ಹಾಗಾಗಿ ತಲೆಬರಹ ಕಾನೂನಿನ ಭಾಷೆಯಲ್ಲೂ ಸುಳ್ಳಲ್ಲ. ಆದರೆ ಅದೇ ಸಂಹಿತೆಯಲ್ಲಿ ಕೊಲೆ ಇನ್ನೂ ಎಷ್ಟೋ ದೊಡ್ಡ ಅಪರಾಧ. ಸಂಪಾದಕ ಇಟ್ಟ ತಲೆಬರಹವನ್ನೂ ಒಂದು ಪದರ ಅಂತ ಎಣಿಸಿ ಪಕ್ಕಕ್ಕಿಡಬೇಕು. ಶಾಸನ ಸಂಪುಟಗಳಲ್ಲಿ ‘ದಾನಶಾಸನ’, ‘ವೀರಗಲ್ಲು’ ಅಂತ ನಾವೇ ಹಚ್ಚುವ ಚೀಟಿಗಳಿಗೂ ಇದೇ ಮಾತು ಅನ್ವಯ.

ಇನ್ನು ಹಾಡಿನ ಒಳಗೆ. ಶಾಸನ ಓದುವಾಗ ನಾವು ಮಾಡುವ ಮೊದಲ ಕೆಲಸ, ಪ್ರಶಸ್ತಿಯ ಭಾಗವನ್ನೂ ವಿಷಯದ ಭಾಗವನ್ನೂ ಬೇರೆ ಮಾಡುವುದು. ಸಮಧಿಗತಪಂಚಮಹಾಶಬ್ದ ಅಂತ ಶುರುವಾಗುವ ಬಿರುದುಗಳ ಸಾಲು ಬಹುಮಟ್ಟಿಗೆ ಸಿದ್ಧ ಅಚ್ಚು. ಸೀಮೆಯ ಹೆಸರು, ಅಳತೆ, ಹಳ್ಳದ ಮೂಡಣ ದಂಡೆ, ಸಾಕ್ಷಿಯ ಹೆಸರು ಗಟ್ಟಿ. ಲಾವಣಿಗೂ ಇದೇ ಜರಡಿ ಹಿಡಿಯಿರಿ. ಜಾತ್ರೆಯಲ್ಲಿ ಕಂಡು ಮರುಳಾಗುವುದು ಸಿದ್ಧ ಅಚ್ಚು. ಮಧ್ಯಸ್ಥಿಕೆಯ ಮುದುಕಿ ಅಂತೂ ಹಳೆಯ ಸಂಸ್ಕೃತ-ಕನ್ನಡ ಕಾವ್ಯಗಳ ಕುಂಟಣಿಯೇ, ಸೀರೆ ಬದಲಿಸಿ ಬಂದಿದ್ದಾಳೆ. ಇವೆರಡನ್ನೂ ‘ನಡೆದದ್ದು’ ಅಂತ ಹಿಡಿಯಬೇಕಾಗಿಲ್ಲ. ಊರಿನ ಹೆಸರು, ಮಂದಿಯ ಹೆಸರು, ಗಂಡನ ವ್ಯಾಪಾರ, ಅಣ್ಣತಮ್ಮಂದಿರು ಕೂಡಿ ಮಾಡಿದರು ಎನ್ನುವುದು, ಇವು ಗಟ್ಟಿ ಕಾಳು. ಹಾಡುವವನಿಗೆ ಇವನ್ನು ಹುಟ್ಟಿಸಬೇಕಾದ ಅಗತ್ಯ ಇರಲಿಲ್ಲ, ಬದಲಿಸಿದ್ದರೆ ಕೇಳುವವರು ಬಿಡುತ್ತಿರಲಿಲ್ಲ. ಲಾವಣಿ ಹುಟ್ಟಿದ ಕಾಲಕ್ಕೆ ಆ ಮನೆಗಳ ಮಂದಿ ಅದೇ ಪೇಟೆಯಲ್ಲಿ ಓಡಾಡಿಕೊಂಡು ಇದ್ದಿರಬೇಕಲ್ಲ.

ಹೆಸರುಗಳ ರೂಪ ನನಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತವೆ. ನಮ್ಮ ಕಡೆ ಸಂಗಪ್ಪ ‘ಸಂಗ್ಯಾ’ ಆಗುವುದು ಯಾವಾಗ? ಸಣ್ಣ ಹುಡುಗನಾದಾಗ, ಗೆಳೆಯ ಕರೆದಾಗ, ಇಲ್ಲಾ ಆಳು-ಕಾಳಿನವನು ಅಂತ ಕೀಳಾಗಿ ಕರೆಯುವಾಗ. ಸಿರಿವಂತರ ಮನೆಯ ಬೆಳೆದ ಮಗನನ್ನು ಊರ ಜನ ಎದುರಿಗೆ ಸಂಗ್ಯಾ ಅನ್ನುವುದು ಸಾಧ್ಯವಿಲ್ಲ. ಸಂಗಪ್ಪ ಇಲ್ಲಾ ಸಂಗಣ್ಣ ಅನ್ನಲೇಬೇಕು. ಅಂದರೆ ಸತ್ತ ಮೇಲೆ ಊರು ಅವನ ಹೆಸರಿನ ಬಾಲದ ‘ಅಪ್ಪ’ ಕಿತ್ತುಕೊಂಡಿದೆ. ಬಾಳಪ್ಪ ಬಾಳ್ಯಾ ಆದ, ಗಂಗವ್ವ ಗಂಗಿಯಾದಳು. ಆದರೆ ಗಂಡ ಕೆಲವು ಕಡೆ ಈರ್ಯಾ, ಬಹಳ ಕಡೆ ಈರಣ್ಣ. ಕೊಂದವನಿಗೆ ‘ಅಣ್ಣ’ ಉಳಿದಿದೆ. ಹಾಡು ಎಲ್ಲಿಯೂ ತೀರ್ಪು ಹೇಳದೆ ಇರಬಹುದು, ಪ್ರತ್ಯಯಗಳು ಹೇಳಿಬಿಟ್ಟಿವೆ. ಶಾಸನಗಳಲ್ಲಿ ‘ಏಚ’ ಮತ್ತು ‘ಏಚಯ್ಯ’, ಏಕವಚನದ ಕ್ರಿಯಾಪದ ಮತ್ತು ‘-ಅರ್’ ಎಂಬ ಬಹುವಚನದ ಕ್ರಿಯಾಪದ, ಇವುಗಳ ವ್ಯತ್ಯಾಸದಿಂದ ನಾವು ಸ್ಥಾನಮಾನ ಅಳೆಯುತ್ತೇವೆ. ಅದೇ ಅಳತೆಗೋಲು ಇಲ್ಲಿಯೂ ನಡೆಯುತ್ತದೆ. ಇನ್ನೊಂದು ಮಗ್ಗಲೂ ಉಂಟು: ‘ಸಂಗ್ಯಾ’ ಗೆಳೆಯ ಕರೆಯುವ ಹೆಸರು ಕೂಡ ಹೌದು. ಹಾಡು ಕೇಳುವವನು ಅವನನ್ನು ಬಾಳ್ಯಾನ ಬಾಯಿಂದ ಕೇಳುತ್ತಾನೆ, ಹಾಗಾಗಿ ಕೀಳು ಮಾಡುವ ಹೆಸರಿನಲ್ಲೇ ಒಂದು ಹತ್ತಿರದ ದನಿ ಉಳಿದುಕೊಂಡಿದೆ.

ಆದರೆ ಹಾಡು ಈರಣ್ಣನ ವಕೀಲಿ ಮಾಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಂಡಸಂಹಿತೆಯ 300ನೇ ಕಲಮಿಗೆ ಒಂದು ವಿನಾಯಿತಿ ಇತ್ತು. ಹಠಾತ್ತಾಗಿ, ತೀವ್ರವಾಗಿ ಕೆರಳಿಸಿದಾಗ ಕೈ ತಪ್ಪಿ ಕೊಂದರೆ ಅದು ಪೂರ್ತಿ ಕೊಲೆ ಅಲ್ಲ ಅಂತ. ಗಂಡ ಮನೆಗೆ ಬಂದು ಕಣ್ಣಾರೆ ಕಂಡು, ಕೈಗೆ ಸಿಕ್ಕಿದ್ದು ತೊಗೊಂಡು ಹೊಡೆದ ಅಂತ ಹಾಡಿದ್ದರೆ ಈರಣ್ಣನಿಗೆ ಆ ನೆರಳು ಸಿಗುತ್ತಿತ್ತು. ಅಂಥ ಕಥೆ ಕಟ್ಟುವುದೂ ಸುಲಭವಿತ್ತು. ಹಾಡು ಹಾಗೆ ಮಾಡಲಿಲ್ಲ. ಸುದ್ದಿ ತಿಳಿಯುತ್ತದೆ, ಅಣ್ಣತಮ್ಮಂದಿರು ಕೂಡುತ್ತಾರೆ, ಗೆಳೆಯನನ್ನು ಕೊಳ್ಳುತ್ತಾರೆ, ಕರೆಸುತ್ತಾರೆ, ಕೊಲ್ಲುತ್ತಾರೆ. ಇದು ಸಂಚು. ಮರ್ಯಾದೆಯ ಹೆಸರಲ್ಲಿ ಮಾಡಿದ ಲೆಕ್ಕಾಚಾರದ ಕೊಲೆ. ಊರಿಗೆ ಅದು ಗೊತ್ತಿತ್ತು, ಆ ಗೊತ್ತಿದ್ದದ್ದನ್ನು ಹಾಡು ಮುಚ್ಚಲಿಲ್ಲ. ಇಂದಿಗೂ ನಮ್ಮ ಪತ್ರಿಕೆಗಳಲ್ಲಿ ಮರ್ಯಾದೆಗೇಡು ಹತ್ಯೆಯ ಸುದ್ದಿ ಬಂದಾಗ ‘ಸಿಟ್ಟಿನ ಭರದಲ್ಲಿ’ ಅನ್ನುವ ಪದ ಹೇಗೆ ತಾನೇ ತಾನಾಗಿ ಬಂದು ಕೂರುತ್ತದೆ ನೋಡಿ. ಆ ಲಾವಣಿಕಾರ ಆ ಪದ ಬಳಸಲಿಲ್ಲ.

ಬದಲಿಗೆ ಅವನೂ ಅವನ ನಂತರದವರೂ ಭಾರವನ್ನು ಬಾಳ್ಯಾನ ಮೇಲೆ ಹೊರಿಸುತ್ತ ಬಂದರು. ಇದು ಸ್ಪಷ್ಟವಾಗುವುದು ಸಣ್ಣಾಟದಲ್ಲಿ. ದೊಡ್ಡಾಟ ಅಂದರೆ ಕಿರೀಟ, ಭುಜಕೀರ್ತಿ, ಪುರಾಣ. ಸಣ್ಣಾಟಕ್ಕೆ ಅದಾವುದೂ ಬೇಡ. ನಮ್ಮಂಥವರ ಬಟ್ಟೆ, ನಮ್ಮಂಥವರ ಮಾತು, ಹಿಂದೆ ಮೇಳದವರು. ಬಹಳ ಕಾಲ ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಸಂಗ್ಯಾ-ಬಾಳ್ಯಾ ಆಟವನ್ನು ಕಟ್ಟಿದವರು ಪತ್ತಾರ ಮಾಸ್ತರರು ಎಂದು ಈ ಭಾಗದಲ್ಲಿ ಹೇಳಿಕೆ. (ಪತ್ತಾರ ಅಂದರೆ ಅಕ್ಕಸಾಲಿ. ‘-ಓಜ’ ಅಂತ ಹೆಸರು ಮುಗಿಯುವ ಅಕ್ಕಸಾಲಿ-ಕಲ್ಲುಕುಟಿಗರ ಮನೆತನದವರೇ ನಮ್ಮ ಶಾಸನಗಳನ್ನು ಕಂಡರಿಸಿದವರು ಅಂತ ನೆನಪಾದರೆ ಯಾಕೋ ಖುಷಿಯಾಗುತ್ತದೆ.) 1960ರ ದಶಕದಲ್ಲಿ ಚಂದ್ರಶೇಖರ ಕಂಬಾರರು ಆಟದ ಪಠ್ಯವನ್ನು ಸಂಪಾದಿಸಿ ಪ್ರಕಟಿಸಿದರು. ಆಮೇಲೆ ಅದು ಬೆಂಗಳೂರು-ಮೈಸೂರಿನ ರಂಗಮಂದಿರಗಳಿಗೂ ಹೋಯಿತು, ಧಾರವಾಡದ ಬಸವಲಿಂಗಯ್ಯ ಹಿರೇಮಠರಂಥವರಿಂದ ಮತ್ತೆ ಊರೂರಿಗೂ ಬಂತು.

ತಲೆಬರಹ ಬದಲಾದದ್ದನ್ನು ಗಮನಿಸಿ. ಫ್ಲೀಟರ ಹತ್ತಿರ ಸಂಗ್ಯಾ ಒಬ್ಬನೇ ಇದ್ದ. ಆಟದಲ್ಲಿ ಸಂಗ್ಯಾ-ಬಾಳ್ಯಾ ಜೋಡಿ ಪದವಾಯಿತು. ವ್ಯಭಿಚಾರದ ಕಥೆ ಗೆಳೆತನ ಮುರಿದ ಕಥೆಯಾಗಿ ತಿರುಗಿತು. ಒಂದೇ ಕಲ್ಲಿನ ಮೇಲೆ ಹಳೆಯ ಅಕ್ಷರ ಅರ್ಧ ಒರೆಸಿ ಹೊಸ ಶಾಸನ ಬರೆದದ್ದನ್ನು ನಾವು ಆಗೀಗ ನೋಡುತ್ತೇವಲ್ಲ, ಓರೆ ಬೆಳಕು ಬಿಟ್ಟರೆ ಕೆಳಗಿನ ಗೆರೆಗಳು ಕಾಣುತ್ತವೆ. ಇದೂ ಹಾಗೇ. ಇದರಿಂದ ಊರಿಗೆ ಆದ ಉಪಯೋಗವನ್ನೂ ಹೇಳಬೇಕು. ಸಂಗ್ಯಾನ ಮನೆಯವರನ್ನೂ ಈರಣ್ಣನ ಮನೆಯವರನ್ನೂ ಎದುರಿಗೆ ಕೂರಿಸಿಕೊಂಡು ಆಟ ಆಡಬೇಕಾದರೆ ಎರಡೂ ಕಡೆಯವರು ಬೈಯಬಹುದಾದ ಒಬ್ಬನು ಬೇಕು. ದ್ರೋಹ ಮಾಡಿದ ಗೆಳೆಯ ಅದಕ್ಕೆ ತಕ್ಕವನು. ನನ್ನ ಲೆಕ್ಕದಲ್ಲಿ ಹಾಡು ಇಷ್ಟು ಕಾಲ ಉಳಿಯಲು ಇದೂ ಒಂದು ಕಾರಣ.

ಈ ಏರ್ಪಾಡಿನಲ್ಲಿ ಗಂಗಿಗೆ ಏನು ಸಿಕ್ಕಿತು? ಆಟದಲ್ಲಿ ಅವಳಿಗೆ ಒಳ್ಳೆಯ ಪದಗಳಿವೆ. ಸಂಗ್ಯಾನನ್ನು ಮೊದಲು ಒಲ್ಲೆನೆನ್ನುತ್ತಾಳೆ, ವಾದಿಸುತ್ತಾಳೆ, ಆಮೇಲೆ ಒಲಿಯುತ್ತಾಳೆ. ವೀರಗಲ್ಲಿನ ಪೆಣ್ಬುಯ್ಯಲಿನಲ್ಲಿ ಹೆಣ್ಣು ಬರೀ ಒಂದು ಕೂಗು. ಯಾರ ಕೂಗು, ಏನಂತ ಕೂಗಿದಳು, ಹೆಸರೇನು ಅಂತ ಕಲ್ಲು ಹೇಳುವುದಿಲ್ಲ. ದೇಕಬ್ಬೆಗೆ ಹೆಸರಿದೆ, ಮಾತಿದೆ, ಆದರೆ ಸಾಯಲು ಹೊರಟಾಗ ಮಾತ್ರ. ಗಂಗಿಗೆ ಬದುಕಿದ್ದಾಗಿನ ಮಾತು ಇದೆ, ಬೇಕು-ಬೇಡ ಇದೆ. ಕಲ್ಲಿಗೆ ಏರದ್ದರಿಂದ ಆದ ಲಾಭ ಅಂತ ಇದನ್ನೇ ಹೇಳಬೇಕು.

ಇದೇ ಸೀಮೆಯ ಉಳಿದ ಹಿಂಸೆಗಳ ಪಕ್ಕ ಇಟ್ಟು ನೋಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಕಲ್ಲಿನ ಸ್ತಂಭ ಎದ್ದಿತು. ಅವನ ಹಿಂದೆ ಸರ್ಕಾರ ಇತ್ತು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದಾಗ ಸರ್ಕಾರಿ ಕಾಗದದಲ್ಲಿ ಅವನು ಬಂಡುಕೋರ. ಮೊದಲು ಲಾವಣಿ ಅವನನ್ನು ಹಿಡಿದಿಟ್ಟುಕೊಂಡಿತು, ಕಲ್ಲು-ಕಂಚು ಬಹಳ ತಡವಾಗಿ ಬಂದವು. ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಮಂದಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು ತಲೆಯನ್ನು ನರಗುಂದಕ್ಕೆ ಒಯ್ದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಒಂದು ಕಡೆಯವರ ಪುಸ್ತಕದಲ್ಲಿ ಅದು ಖೂನಿ, ಇನ್ನೊಂದು ಕಡೆಯವರ ಹಾಡಿನಲ್ಲಿ ಶೌರ್ಯ. ಈ ಮೂರರಲ್ಲೂ ಎರಡು ಪಕ್ಷ ಇವೆ, ಹಾಗಾಗಿ ಒಂದಲ್ಲ ಒಂದು ಕಾಲಕ್ಕೆ ಒಂದಲ್ಲ ಒಂದು ಕಡೆಯವರು ಕಲ್ಲು ನೆಡಬಹುದು. ಸಂಗ್ಯಾನದು ಮನೆಯೊಳಗಿನ, ಒಂದೇ ಊರಿನೊಳಗಿನ ಹಿಂಸೆ. ಅಲ್ಲಿ ಪಕ್ಷ ಕಟ್ಟಿದರೆ ಊರೇ ಒಡೆಯುತ್ತದೆ.

ಕೊನೆಗೆ ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಿಗೆ ಒಂದು ಕೋರಿಕೆ. ಕಲ್ಲು ಹುಡುಕಿಕೊಂಡು ಈ ಕಡೆ ಬಂದಾಗ ಲಾವಣಿ, ಸಣ್ಣಾಟದ ಪದ ಹಾಡುವವರು ಸಿಕ್ಕರೆ ಪೂರ್ತಿ ಕೇಳಿಸಿಕೊಂಡು ಧ್ವನಿಮುದ್ರಣ ಮಾಡಿ. ಲಾವಣಿಯ ಕೊನೆಯ ನುಡಿಯನ್ನು ಬಿಡಬೇಡಿ, ಕವಿಯ ಹೆಸರು, ಅವನ ಊರು, ಅವನ ಗುರು ಇಲ್ಲಾ ದೇವರ ಹೆಸರು ಅಲ್ಲೇ ಬರುತ್ತದೆ. ಶಾಸನದ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರು ಬರುವ ಹಾಗೆ. ಗಂಡನನ್ನು ಈರಣ್ಣ ಅಂದರೋ ಈರ್ಯಾ ಅಂದರೋ, ಬಾಳ್ಯಾ ದುಡ್ಡಿಗೆ ಬಿದ್ದನೋ ಅಂಜಿಕೆಗೆ ಬಿದ್ದನೋ, ಗಂಗಿ ಕೊನೆಗೆ ಏನಾದಳು, ಇವಿಷ್ಟನ್ನು ಹಾಡಿದ ಊರಿನ ಹೆಸರಿನ ಜೊತೆ ಬರೆದಿಡಿ. ಪಾಠ ಬೇರೆ ಅನಿಸಿದರೆ ಹಾಡುವವರನ್ನು ತಿದ್ದಲು ಹೋಗಬೇಡಿ, ಅಚ್ಚಾದ ಪುಸ್ತಕ ಅವರ ಎದುರಿಗೆ ತೆರೆಯಲೂ ಬೇಡಿ. ಒಂದೇ ಶಾಸನದ ಹತ್ತು ಅಚ್ಚುಪಡಿ ತೆಗೆದರೂ ಹತ್ತೂ ಒಂದೇ ಇರುತ್ತವೆ, ಹಾಡು ಹಾಗಲ್ಲ. ಮುರಗೋಡದ ಪಾಠ ಬೈಲಹೊಂಗಲದ ಪಾಠದ ಹಾಗೆಯೇ ಇದೆಯೋ, ಕೊಲೆ ನಡೆದ ಊರಿನಿಂದ ದೂರ ಹೋದ ಹಾಗೆ ಯಾರ ಮೇಲಿನ ಸಿಟ್ಟು ಹೆಚ್ಚಾಗುತ್ತದೆ, ಯಾರ ಮೇಲಿನದು ಕಡಿಮೆಯಾಗುತ್ತದೆ ಎನ್ನುವುದನ್ನು ಒಂದು ನಕ್ಷೆಯ ಮೇಲೆ ಗುರುತು ಹಾಕುವಷ್ಟು ಪಾಠಗಳು ಸೇರಿದರೆ ಸಾಕು, ಮುಂದಿನ ಕೆಲಸ ಶುರು ಮಾಡಬಹುದು.